ಎಲ್ಲಿ ಹಿಡಿದರೂ ದಡಿ

ಬಾಗಲಕೋಟೆಯ ಕೈಮಗ್ಗ ಪ್ರದರ್ಶನದಲ್ಲಿ ರತ್ನವ್ವ ನೇಯ್ದ ಸೀರೆಗೆ ರಾಮಲಿಂಗಪ್ಪನ ಹೆಸರಿನ ಚೀಟಿ ಅಂಟಿಸಿದರು. ಬಹುಮಾನಕ್ಕೆ ಕೂಗಿದಾಗ ರಾಮಲಿಂಗಪ್ಪ ವೇದಿಕೆ ಹತ್ತಿ ಶಾಲು ಹೊದೆಸಿಕೊಂಡ. ರತ್ನವ್ವ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು.

ಪಕ್ಕದಲ್ಲಿ ಅವಳ ಮಗಳು ಚೇತನಾ ಇದ್ದಳು. ಎಲ್ಲರ ಜೊತೆ ತಾಯಿಯೂ ಚಪ್ಪಾಳೆ ತಟ್ಟಿದ್ದನ್ನು ನೋಡಿ ಅವಳಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಎತ್ತಿದ ಕೈ ಹಾಗೇ ಮಡಿಲಿಗೆ ಬಿತ್ತು. ಇಲಕಲ್ಲಿಗೆ ಮರಳುವ ಬಸ್ಸು ಅಮೀನಗಡದಲ್ಲಿ ನಿಂತಾಗ ಕೇಳಿದಳು.

"ಯವ್ವಾ, ಆ ಚೀಟಿ ನೋಡಿದಿ?"

"ನೋಡಿದೆ."

"ಏನೂ ಅನಸಲಿಲ್ಲೇನು ನಿನಗ?"

"ಅಂಟು ಸೀರಿಗೆ ಹತ್ತತೈತೇನೋ ಅನಿಸ್ತು. ಹತ್ತಿದ್ರ ತೊಳದ್ರೂ ಹೋಗಂಗಿಲ್ಲ ಅದು."

ರಾಮಲಿಂಗಪ್ಪ ಇಲಕಲ್ಲಿನ ಸೀರೆ ವ್ಯಾಪಾರಿ. ನೂಲು, ರೇಷ್ಮೆ ಅವನ ಅಂಗಡಿಯಿಂದ ನೇಕಾರರ ಓಣಿಗೆ ಬರುತ್ತವೆ. ನೇಯ್ದ ಸೀರೆ ತಿರುಗಿ ಅವನ ಅಂಗಡಿಗೇ ಹೋಗುತ್ತದೆ. ನಡುವೆ ಇರುವುದು ಕೂಲಿ. ಸೀರೆ ಊರ ಹೆಸರಿನಲ್ಲಿ ಲೋಕ ತಿರುಗುತ್ತದೆ, ಅಂಗಡಿಯ ಹೆಸರಿನಲ್ಲಿ ಮಾರಾಟವಾಗುತ್ತದೆ. ನೇಯ್ದವಳ ಹೆಸರು ಬೇಕಾಗುವುದು ರೇಶನ್ ಕಾರ್ಡಿಗೆ ಮಾತ್ರ. ಇದನ್ನು ಯಾರೂ ಅನ್ಯಾಯ ಎಂದು ಕರೆಯುವುದಿಲ್ಲ, ವ್ಯವಹಾರ ಎನ್ನುತ್ತಾರೆ.

ಚೇತನಾ ಹುನಗುಂದದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಇಲಕಲ್ಲಿನ ಬಸ್ ನಿಲ್ದಾಣದ ಹತ್ತಿರ ದುಂಡೇಶ ಇಟ್ಟಿದ್ದ ಕಂಪ್ಯೂಟರ್ ಅಂಗಡಿಯಲ್ಲಿ ಲಗ್ನಪತ್ರಿಕೆ, ನೌಕರಿ ಅರ್ಜಿ ಟೈಪ್ ಮಾಡುತ್ತಿದ್ದಳು. ಭಾನುವಾರ ಹುನಗುಂದದ ಓದು ಕೂಟಕ್ಕೆ ಹೋಗುತ್ತಿದ್ದಳು. ಪ್ರದರ್ಶನದ ವಿಷಯವನ್ನು ಅಲ್ಲಿ ಹೇಳಿ ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಾಗ ಯಾರೋ, "ಪೇಪರಿನವ್ರು ಹಾಕಂಗಿಲ್ಲ. ನಿನ್ನ ಕೈಯಾಗ ಕಂಪ್ಯೂಟರ್ ಐತೆಲ್ಲ, ನೀನ ಹಾಕು" ಎಂದರು. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಜಾಗ ಕೊಡುವವರಿದ್ದ ಕಾಲ ಅದು. ಮೇಲೊಂದು ಜಾಹೀರಾತಿನ ಪಟ್ಟಿ ತೂಗುಬಿಟ್ಟರೆ ಉಳಿದ ಜಾಗ ನಮ್ಮದು. 2006ರಲ್ಲಿ ಚೇತನಾ ತನ್ನ ಹೆಸರಿನಲ್ಲಿ ಒಂದು ವೆಬ್‌ಸೈಟು ಮಾಡಿದಳು. ಆ ಸೀರೆಯನ್ನು ನೋಡಿದವರಿಗೆ ಅದನ್ನು ನೇಯ್ದವಳ ಹೆಸರು ಗೊತ್ತಾಗಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ಆದರೆ ಎಲ್ಲಿಂದ ಸುರು ಮಾಡುವುದು? ನೇಕಾರರ ಓಣಿಯಲ್ಲಿ ಯಾರ ಮನೆಯನ್ನೂ ನೇರವಾಗಿ ತೋರಿಸುವ ರೂಢಿಯಿಲ್ಲ. ರತ್ನವ್ವನ ಮನೆ ಎಲ್ಲಿ ಎಂದು ಕೇಳಿದರೆ, ಮೊದಲು ಯಾಕೂಬಸಾಬನ ಬಣ್ಣದ ಮನಿಗೆ ಹೋಗ್ರಿ, ಅಲ್ಲಿ ಕೇಳ್ರಿ ಎನ್ನುತ್ತಾರೆ. ಅಲ್ಲಿ ಕೇಳಿದರೆ ಬಾಳಮ್ಮನ ಮನೆ ದಾಟಲು ಹೇಳುತ್ತಾರೆ. ಬಾಳಮ್ಮ ರಾಟೆ ಬಿಡದೆಯೇ ಗದ್ದದಿಂದ ಹುಸೇನಬಿಯ ಮನೆ ತೋರಿಸುತ್ತಾಳೆ. ನೂಲು ಹೋಗುವ ದಾರಿಯೇ ಮನುಷ್ಯರು ಹೋಗುವ ದಾರಿ. ಚೇತನಾ ಸೈಟನ್ನೂ ಹಾಗೆಯೇ ಕಟ್ಟಿದಳು. ಮೊದಲ ಪುಟದಲ್ಲಿ ನೂಲು. ಎರಡನೆಯದರಲ್ಲಿ ಯಾಕೂಬಸಾಬ ಬಣ್ಣ ಅದ್ದುತ್ತಾನೆ. ಆಮೇಲೆ ಬಾಳಮ್ಮ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಾಳೆ, ಹುಸೇನಬಿ ಸೀರೆಯ ಮೈಗೆ ಸೆರಗು ಕೂಡಿಸುತ್ತಾಳೆ. ಕಟ್ಟಕಡೆಯ ಪುಟದಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತ ರತ್ನವ್ವ, ದೊಡ್ಡ ಅಕ್ಷರದಲ್ಲಿ ಅವಳ ಹೆಸರು. ಪ್ರತಿ ಪುಟದ ತಳದಲ್ಲಿ ಒಂದೇ ಸಾಲು: 'ನೂಲು ಮುಂದೆ ಹೋಗುತ್ತದೆ.' ಅದನ್ನು ಒತ್ತಿದರೆ ಮುಂದಿನ ಮನೆ.

"ಹಿಂದ ಬರೂ ದಾರಿ ಎಲ್ಲೈತಿ?" ದುಂಡೇಶ ಕೇಳಿದ್ದ.

"ನೂಲು ಹಿಂದಕ್ಕ ಬರತೈತೇನ್ರಿ?"

ದುಂಡೇಶ ತಲೆ ಕೆರೆದುಕೊಂಡು, "ಅದೂ ಖರೆ" ಎಂದ.

ಮೊದಲ ಪುಟದ ನೆತ್ತಿಯ ಮೇಲೆ ಬಹುಮಾನದ ಸೀರೆಯ ಫೋಟೋ ಹಾಕಿದಳು. ಕೆಂಪು ಸೆರಗು, ಕಪ್ಪು ಮೈ, ಉದ್ದಕ್ಕೂ ಅಂಚು ಕಟ್ಟಿದ ಗೋಮಿ ನಮೂನೆಯ ದಡಿ. ಅದರ ಕೆಳಗೆ: 'ನೂಲು ಇಲ್ಲಿಂದ ಹೊರಡುತ್ತದೆ: ರಾಮಲಿಂಗಪ್ಪನವರ ಅಂಗಡಿ, ಇಲಕಲ್ಲು.' ಜೊತೆಗೆ ಅಂಗಡಿಯ ಫೋನ್ ನಂಬರು. ಓಣಿಯ ಯಾವ ಮನೆಯಲ್ಲೂ ಫೋನಿರಲಿಲ್ಲ. ಸತ್ತ ಸುದ್ದಿ, ಹೆತ್ತ ಸುದ್ದಿ ಎಲ್ಲವೂ ಆ ಅಂಗಡಿಗೇ ಬಂದು ಅಲ್ಲಿಂದ ಕೂಗಿನಲ್ಲಿ ಮನೆ ಸೇರುತ್ತಿದ್ದವು.

ಒಂದು ತಿಂಗಳಾದ ಮೇಲೆ ರಾಮಲಿಂಗಪ್ಪ ಕರದಂಟಿನ ಡಬ್ಬಿ ಹಿಡಿದು ಕಂಪ್ಯೂಟರ್ ಅಂಗಡಿಗೆ ಬಂದ. ಚೇತನಾ ಎದ್ದು ನಿಂತಳು.

"ಕೂಡು ತಂಗಿ, ಕೂಡು. ಅಮೀನಗಡಕ್ಕ ಹೋಗಿದ್ದೆ, ನಿನ್ನ ಸಲುವಾಗಿ ತಂದೇನಿ. ಬಾಯಿ ಸಿಹಿ ಮಾಡ್ಕೋ."

"ಯಾಕ್ರಿ ಸಾವಕಾರ್ರ?"

"ಯಾಕ ಅಂದ್ರ? ಬಾದಾಮಿ ಗುಹಾ ನೋಡಾಕ ಪುಣೆದಾಕಿ ಒಬ್ಬಾಕಿ ಬಂದಿದ್ಲಂತ. ನೀ ಮಾಡಿದ್ದ ಅದೇನೋ ಪುಟ ಐತೆಲ್ಲ, ಅದನ್ನ ನೋಡಿ ನನಗ ಫೋನ್ ಹಚ್ಚಿದ್ಲು. ಅದ ನಮೂನಿ ಸೀರಿ ಬೇಕಂತ. ನಿಮ್ಮವ್ವಗ ನಾಳಿ ನೂಲು ಕೊಡ್ತೇನಿ. ಓದಿದ ಹುಡಿಗ್ಯಾರು ಊರಾಗಿರಬೇಕು ನೋಡು! ನನ್ನ ಮಗ ಅದಾನ, ಬರೇ ಮೋಟಾರ್ ಸೈಕಲ್ ಒರಸ್ತಾನ."

ಅವನು ಹೋದ ಮೇಲೆ ಚೇತನಾ ಒಂದು ತುಂಡು ಬಾಯಿಗಿಟ್ಟುಕೊಂಡಳು. ಅಂಟು ಹಲ್ಲಿಗೆ ಹಿಡಿಯಿತು. ತಾಯಿಗೆ ಕೆಲಸ ಸಿಕ್ಕಿದೆ, ಅಂದರೆ ಒಳ್ಳೆಯದೇ ಆಯಿತು. ಆದರೆ ಈ ಮನುಷ್ಯ ನನಗೆ ಯಾಕೆ ಸಿಹಿ ಕೊಟ್ಟ? ನಾನು ಅವನಿಗೆ ವಿರುದ್ಧವಾಗಿ ಮಾಡಿದ್ದೆನೋ, ಅವನ ಪರವಾಗಿ ಮಾಡಿದ್ದೆನೋ? ಅವಳಿಗೆ ಬಗೆಹರಿಯಲಿಲ್ಲ.

ಮುಂದಿನ ಭಾನುವಾರ ಓದು ಕೂಟದ ಇಬ್ಬರನ್ನು ಕಂಪ್ಯೂಟರ್ ಅಂಗಡಿಗೆ ಕರೆದಳು. ಯಂಕಪ್ಪ ಸರ್ಕಾರಿ ಕಚೇರಿಯ ಗುಮಾಸ್ತ, ಕೂಟದಲ್ಲಿ ಎಲ್ಲರಿಗಿಂತ ಜೋರಾಗಿ ಓದುವವನು. ವಿದ್ಯಾ ಪ್ರಾಥಮಿಕ ಶಾಲೆಯ ಟೀಚರು. ಇಬ್ಬರನ್ನೂ ಒಂದೊಂದು ಕಂಪ್ಯೂಟರಿನ ಮುಂದೆ ಕೂಡಿಸಿ, ತಾನು ಹಿಂದೆ ನಿಂತು ಹೇಳಿದಳು: "ಇದರಾಗ ನಮ್ಮವ್ವ ಅದಾಳ. ಹುಡುಕ್ರಿ. ನಾ ಏನೂ ಹೇಳಂಗಿಲ್ಲ."

ವಿದ್ಯಾ ಎರಡು ನಿಮಿಷದಲ್ಲೇ ಕುರ್ಚಿ ಹಿಂದೆ ಸರಿಸಿದಳು. "ನಂದು ಮುಗೀತು."

"ಸಿಕ್ಕಳೇನು?"

"ಸೀರಿ ಸಿಕ್ತು. ಭಾಳ ಚಲೋ ಐತಿ ಬಿಡು. ನಂಬರ್ ಬರಕೊಂಡೆ, ಲಗ್ನದ ಸೀಜನ್ನಿಗೆ ಬೇಕಾಗತೈತಿ."

"ಯಾರ ನಂಬರ್ರಿ ಅದು?"

ವಿದ್ಯಾ ತನ್ನ ಅಂಗೈ ನೋಡಿಕೊಂಡಳು. "ನಿಮ್ಮ ಮನೀದಲ್ಲೇನು?"

ಅತ್ತ ಯಂಕಪ್ಪ ಬೆವರುತ್ತಿದ್ದ. "ಏ ತಂಗಿ, ಯಾಕೂಬಸಾಬನ ಮನಿ ಹೊಕ್ಕೇನಿ, ಹೊರಗ ಬರಾಕ ಬಾಗಲಾ ಸಿಗವಲ್ದು."

"ತಳಕ್ಕ ಒಂದು ಸಾಲು ಐತಲ್ರಿ, ಒತ್ರಿ."

"ಅದು ಮುಂದಕ್ಕ ದಬ್ಬತೈತಿ. ನನಗ ಮೊದ್ಲಿನ ಸೀರಿ ಇನ್ನೊಮ್ಮಿ ನೋಡೂದೈತಿ."

"ಮ್ಯಾಲ ಎಡಕ ಬಾಣ ಐತಿ ನೋಡ್ರಿ" ಎಂದ ದುಂಡೇಶ.

"ಬಾಣಾ ಬಿಡೂ ವಯಸ್ಸೇನೋ ನಂದು?" ಎನ್ನುತ್ತ ಯಂಕಪ್ಪ ಮತ್ತೆ ತಳದ ಸಾಲನ್ನೇ ಒತ್ತಿದ. ಬಾಳಮ್ಮನ ಪುಟ ತೆರೆಯಿತು. ಆ ಪುಟದಲ್ಲಿ ಮಾತ್ರ, ಅವಳ ಹೆಸರೊಂದನ್ನು ಬಿಟ್ಟರೆ, ಕನ್ನಡ ಅಕ್ಷರ ಸರಿಯಾಗಿ ಕೂತಿರಲಿಲ್ಲ. ಪರದೆಯ ತುಂಬ ಬರೀ ಚೌಕಗಳು. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. "ಇದು ಚೌಕಡಿ ಸೀರಿ ಅಲ್ಲೇನು? ಬಾಳಮ್ಮ ಬರೇ ಕಂಡಿಕಿ ಸುತ್ತತಾಳ ಅಂದಿದ್ದಿ, ನೇಯಾಕೂ ಹತ್ಯಾಳಲ್ಲ!"

ಎಲ್ಲರೂ ನಕ್ಕರು. ಚೇತನಾಳಿಗೂ ನಗು ಬಂತು, ನಡುವೆಯೇ ನಿಂತಿತು. ಕಟ್ಟಕಡೆಯ ಪುಟಕ್ಕೆ ಯಾರೂ ಹೋಗಿರಲಿಲ್ಲ. ಅವಳ ತಾಯಿ ಅಲ್ಲಿ ದೊಡ್ಡ ಅಕ್ಷರದಲ್ಲಿ ಒಬ್ಬಳೇ ಕುಳಿತಿದ್ದಳು.

ವಿದ್ಯಾ ಎದ್ದ ಕುರ್ಚಿಯಲ್ಲಿ ಚೇತನಾ ಕುಳಿತು, ಊರು ಕೇರಿ ಗೊತ್ತಿಲ್ಲದವಳ ಹಾಗೆ ಮೊದಲ ಪುಟವನ್ನು ನೋಡಿದಳು. ಮೇಲೆ ಸೀರೆ. ಸೀರೆಯ ಕೆಳಗೆ ರಾಮಲಿಂಗಪ್ಪನ ಹೆಸರು. ಬಾಗಲಕೋಟೆಯಲ್ಲಿ ಚೀಟಿ ಇದ್ದದ್ದೂ ಅದೇ ಜಾಗದಲ್ಲಿ. ಅಲ್ಲಾದರೂ ಯಾರೋ ಅಂಟಿಸಿದ್ದರು.

"ಕೂಟದಾಗ ಬೆಂಕಿ ಉಗುಳಿದ್ಯಲ್ಲ," ಯಂಕಪ್ಪ ಮೆಲ್ಲಗೆ ಅಂದ. "ಈ ಚೀಟಿ ಯಾರು ಅಂಟಿಸಿದ್ರು?"

"ನೂಲು ಅಲ್ಲಿಂದನ ಬರತೈತಲ್ರಿ. ನಾ ಸುಳ್ಳೇನು ಬರದೇನಿ?"

ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಟ್ಟ ಜಾಗ ತಪ್ಪಿತ್ತು. ಖರೆ ಮಾತನ್ನು ತಪ್ಪು ಜಾಗದಲ್ಲಿ ಇಟ್ಟರೆ ಅದು ಸಾವಕಾರನ ಕೆಲಸ ಮಾಡುತ್ತದೆ, ಅದೂ ಕೂಲಿ ಕೇಳದೆ.

ಸೈಟನ್ನು ಮತ್ತೆ ಕಟ್ಟಲು ದುಂಡೇಶನೇ ಮುಂದೆ ಬಂದ. ಹುಬ್ಬಳ್ಳಿಯಲ್ಲಿ ಆರು ತಿಂಗಳು ಕೋರ್ಸ್ ಮಾಡಿ ಬಂದಿದ್ದ. "ನೋಡು ಚೇತನಾ, ಮಂದಿಗೆ ಪುರಸೊತ್ತಿಲ್ಲ. ಒಂದ ಒತ್ತಿಗೆ ಸಿಗಬೇಕು. ಸೀರಿ ಕೆಳಗ ನಿಮ್ಮವ್ವನ ಹೆಸರು ಹಾಕು. ಬಾಜೂಕ ಮೆನು. ಮುಖಪುಟ, ರತ್ನವ್ವ, ಸೀರೆಗಳು, ಇತರೆ, ಸಂಪರ್ಕ. ಸಂಪರ್ಕಕ್ಕ ನನ್ನ ಅಂಗಡಿ ನಂಬರ್ ಇರಲಿ. ಮುಗೀತು."

"ಯಾಕೂಬಸಾಬ, ಬಾಳಮ್ಮ, ಹುಸೇನಬಿ?"

"ಇತರೆ."

"ಇತರೆ ಅಂದ್ರ ಏನ್ರಿ?"

"ಎಲ್ಲಾ ಸೈಟಿನಾಗೂ ಇರತೈತಿ ಅದು. ಎಲ್ಲಿ ಇಡಬೇಕು ತಿಳೀಲಿಲ್ಲ ಅಂದ್ರ ಅಲ್ಲಿ ಇಡೂದು."

ಹಾಗೆಯೇ ಮಾಡಿದಳು. ವಿದ್ಯಾ ಬಂದು ಒತ್ತಿ, "ಈಗ ಸಿಕ್ಕಳು ನೋಡು ನಿಮ್ಮವ್ವ!" ಎಂದು ಚಪ್ಪಾಳೆ ತಟ್ಟಿದಳು. ಮೊದಲ ಪುಟದ ಪ್ರಿಂಟು ತೆಗೆದು ಮನೆಗೆ ಒಯ್ದಾಗ ರತ್ನವ್ವ, ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು, ತನ್ನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಕಾಗದವನ್ನು ಮಡಚಿ ಜಂತಿಯ ಸಂದಿಯಲ್ಲಿಟ್ಟಳು. ಆ ದಿನವಿಡೀ ಲಾಳಿಯ ಸದ್ದು ಬೇರೆಯಾಗಿತ್ತು.

ಪುಣೆಯವಳ ಸೀರೆ ಮಗ್ಗಕ್ಕೆ ಏರಿತ್ತು. ಮೈಯ ಹಾಸು ಹತ್ತಿಯದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಎರಡನ್ನೂ ಎಳೆ ಎಳೆಯಾಗಿ ಒಂದರೊಳಗೊಂದು ಸಿಕ್ಕಿಸಿ ಹೊಸೆಯುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಇಲಕಲ್ಲಿನ ಸೀರೆಯನ್ನು ಇಲಕಲ್ಲಿನದು ಮಾಡುವುದೇ ಅದು. ಆ ಕೆಲಸ ಹುಸೇನಬಿಯದು. ರತ್ನವ್ವನಿಗಿಂತ ಹಿರಿಯಳು, ಅವಳ ಮದುವೆಯಾದಾಗಿನಿಂದ ಅವಳ ಮಗ್ಗಕ್ಕೆ ಕೊಂಡಿ ಹಾಕಿದವಳು. ಒಬ್ಬರು ಹಿಡಿದ ಕೊಂಡಿಯನ್ನು ಇನ್ನೊಬ್ಬರು ಮುಗಿಸುವುದಿಲ್ಲ, ಇದು ಓಣಿಯ ಕಟ್ಟು. ಬೆರಳು ಬದಲಾದರೆ ಬಿಗಿ ಬದಲಾಗುತ್ತದೆ. ಸೆರಗಿನ ಬುಡದಲ್ಲಿ ಅದು ಗಾಯದ ಕಲೆಯಂತೆ ಕಾಣುತ್ತದೆ.

ಅರ್ಧ ಕೊಂಡಿ ಆಗಿತ್ತು. ಚೇತನಾ ಚಹಾ ತಂದಿಟ್ಟಳು. ಹುಸೇನಬಿ ತಲೆ ಎತ್ತದೆ ಕೇಳಿದಳು.

"ಏ ಚೇತು, ನಮ್ಮ ಗುಲಾಬಬಿ ಕಾಲೇಜಿನಾಗ ನಿನ್ನ ಪುಟಾ ನೋಡಿದ್ಲಂತ. ದೋಸ್ತರಿಗೆಲ್ಲ ನಮ್ಮಜ್ಜಿ ಅದಾಳ ನೋಡ್ರಿ ಅಂತ ತೋರ್ಸಾಕ ಹೋದ್ರ ನಾ ಇಲ್ಲಂತ. ಮೊದ್ಲ ಇದ್ದೆನಂತ. ಎಲ್ಲಿ ಹೋದ್ಯವ್ವಾ ಅಂತ ನನ್ನ ಕೇಳ್ತಾಳ! ನಾ ಇಲ್ಲೇ ಅದೇನೆಲ್ಲ."

"ಅದೀರಿ ಚಾಚಿ. ಜಾಗಾ ಬದಲಿ ಮಾಡೇವಿ ಅಷ್ಟ. ಇತರೆ ಅನ್ನೂದನ್ನ ಒತ್ತಿದ್ರ ಸಿಗ್ತೀರಿ."

"ಇತರೆ." ಹುಸೇನಬಿಯ ಬೆರಳು ನಿಂತವು. "ಲಗ್ನದಾಗ ಪಂಗತಿ ಮುಗದ ಮ್ಯಾಲ ಕೂಡಸ್ತಾರಲ್ಲ, ಹಂಗೇನು?"

ಚೇತನಾ ಏನೋ ಹೇಳಲು ಹೋದಳು. ಅಷ್ಟರಲ್ಲಿ ಕುಣಿಯಿಂದ ರತ್ನವ್ವನ ದನಿ ಬಂತು.

"ಅದರಾಗೇನು ತಪ್ಪೈತಿ? ನೇಯ್ದಾಕಿ ನಾ. ಕೂಡಿಸಿದಾಕಿ ನೀ. ಎರಡೂ ಒಂದ ಆಕ್ಕಾವೇನು?"

"ನಾ ಕೂಡಸದಿದ್ರ ನಿನ್ನ ಸೀರಿ ಟವೆಲ್ಲು."

"ನಾ ನೇಯದಿದ್ರ ನಿನ್ನ ಕೊಂಡಿ ಸಿಂಬಳದ ದಾರ."

"ರತ್ನಿ, ಆ ಸಾವಕಾರ ನಿನ್ನ ಹೆಸರು ಮುಚ್ಚಿದಾಗ ಯಾರ ಮುಂದ ಅತ್ತಿ? ನೆನಪೈತೇನು?"

"ನಾ ಅತ್ತಿಲ್ಲ!"

"ಹೂಂ, ಕಣ್ಣಿಗೆ ಬಣ್ಣದ ಹೊಗಿ ಹೋಗಿತ್ತು."

ಹುಸೇನಬಿ ಎದ್ದಳು. ಸೆರಗು ಕೊಡವಿಕೊಂಡು, ಚಹಾ ಮುಟ್ಟದೆ, ಅರ್ಧ ಕೊಂಡಿಯನ್ನು ಹಾಗೇ ಬಿಟ್ಟು ಹೋದಳು. ಉಳಿದ ಕೆಂಪು ಎಳೆಗಳು ಮಗ್ಗದ ಮೇಲೆ ಬಿಚ್ಚಿದ ಕೂದಲಿನಂತೆ ಬಿದ್ದಿದ್ದವು.

ಮಗ್ಗ ನಿಂತಿತು. ಒಂದು ವಾರ ರತ್ನವ್ವ ಮಗಳೊಂದಿಗೂ ಮಾತಾಡಲಿಲ್ಲ, ಹುಸೇನಬಿಯ ಮನೆಗೂ ಹೋಗಲಿಲ್ಲ. ಚೇತನಾಳ ತಲೆ ಜೇಡರ ಬಲೆಯಾಗಿತ್ತು. ತಾಯಿಯನ್ನು ಕೊನೆಗಿಟ್ಟರೆ ಸಾವಕಾರ ಮುಂದೆ ಬಂದ. ತಾಯಿಯನ್ನು ಮುಂದೆ ತಂದರೆ ಚಾಚಿ ಮಾಯವಾದಳು. ಎಲ್ಲರನ್ನೂ ಮುಂದೆ ತಂದರೆ ಅದು ಮುಂದಲ್ಲ, ಸಂತೆ. ಓದು ಕೂಟದಲ್ಲಿ ಕೇಳಿದಳು. ಒಬ್ಬರು ಶ್ರಮ ಎಂದರು, ಇನ್ನೊಬ್ಬರು ಕಲೆ ಎಂದರು. ಯಂಕಪ್ಪ ಒಂದು ಗಂಟೆ ಮಾತಾಡಿದ. ಮೆನುವಿನಲ್ಲಿ ಏನು ಬರೆಯಬೇಕೆಂದು ಯಾರೂ ಹೇಳಲಿಲ್ಲ.

ಆ ಸಂಜೆ ಮನೆಗೆ ಬಂದಾಗ ರತ್ನವ್ವನ ಒಣಗಿದ ಸೀರೆ ಹಗ್ಗದ ಮೇಲಿತ್ತು. ಮಡಚಲೆಂದು ಚೇತನಾ ಎಳೆದುಕೊಂಡಳು. ಸೀರೆಯ ತುದಿ ಹುಡುಕುತ್ತ ಕೈ ಸರಿಸಿದಳು. ತುದಿ ಸಿಗಲಿಲ್ಲ, ದಡಿ ಸಿಕ್ಕಿತು. ಇನ್ನೊಂದು ಕಡೆ ಹಿಡಿದಳು. ಅಲ್ಲೂ ದಡಿ. ಸೆರಗಿನ ಹತ್ತಿರ ಹಿಡಿದರೂ, ನಡುವಿನಲ್ಲಿ ಹಿಡಿದರೂ, ಒಳ ನೆರಿಗೆಯ ಜಾಗದಲ್ಲಿ ಹಿಡಿದರೂ ಅದೇ ದಡಿ. ಅದನ್ನು ಹಿಡಿದು ಹೋದರೆ ಸೀರೆಯ ಎಲ್ಲಿಗಾದರೂ ಹೋಗಬಹುದು, ಎಲ್ಲಿಂದಾದರೂ ಬರಬಹುದು. ಹುಟ್ಟಿದಾಗಿನಿಂದ ಮಡಚಿದ್ದಳು. ಇವತ್ತು ಮಡಚುವುದನ್ನು ಮರೆತು ನಿಂತಳು.

ಮರುದಿನ ಎಲ್ಲ ಪುಟಗಳ ಮೇಲಂಚಿಗೂ ಹೆಸರುಗಳ ಒಂದೇ ಸಾಲು ಎಳೆದಳು. ಯಾವ ಪುಟ ತೆರೆದರೂ ಆ ಸಾಲು ಅಲ್ಲೇ ಇರುತ್ತದೆ, ಯಾವ ಹೆಸರನ್ನು ಒತ್ತಿದರೂ ಅವರ ಮನೆ ತೆರೆಯುತ್ತದೆ, ಅಲ್ಲಿಂದ ಮತ್ತೆ ಯಾರ ಮನೆಗೂ ಹೋಗಬಹುದು. ಸೀರೆಯ ಕೆಳಗೂ ಅದೇ ಸಾಲು. ಯಾಕೂಬಸಾಬ, ಬಣ್ಣ. ಬಾಳಮ್ಮ, ಕಂಡಿಕೆ. ಹುಸೇನಬಿ, ಕೊಂಡಿ. ರತ್ನವ್ವ, ನೇಯ್ಗೆ. 'ಇತರೆ'ಯನ್ನು ಕಿತ್ತು ಹಾಕಿದಳು. ಆಮೇಲೆ ಬೆರಳು ಕೀಲಿಗಳ ಮೇಲೆ ಬಹಳ ಹೊತ್ತು ನಿಂತವು. ರಾಮಲಿಂಗಪ್ಪ? ನೂಲು ಅವನಲ್ಲಿಂದ ಬರುವುದು ಖರೆ. ಅವನನ್ನು ಬಿಟ್ಟರೆ ನಾನೂ ಚೀಟಿ ಅಂಟಿಸುವವಳೇ. ಹಾಕಿದರೆ? ಗೊತ್ತಾಗಲಿಲ್ಲ. ಗೊತ್ತಾಗದೆಯೇ ಹಾಕಿದಳು, ಅದೇ ಸಾಲಿನಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ. ರಾಮಲಿಂಗಪ್ಪ, ನೂಲು. ಆ ಪುಟದ ಪ್ರಿಂಟನ್ನೂ ಮನೆಗೆ ಒಯ್ದು ತಾಯಿಯ ಮಗ್ಗದ ಮೇಲಿಟ್ಟಳು.

ದುಂಡೇಶ ನೋಡಿ ಮುಖ ಸಿಂಡರಿಸಿದ. "ಹೆಸರಿನ ಮೆನು ಯಾರರ ಮಾಡ್ತಾರೇನು? ಮಂದಿ ಸೀರಿ ಹುಡುಕ್ತಾರ, ಬಾಳಮ್ಮನ್ನ ಯಾವಾಕಿ ಹುಡುಕ್ತಾಳ?"

"ಹುಡುಕಂಗಿಲ್ಲ ಅಂತನ ಹಾಕೇನಿ."

"ತಿಳೀಲಿಲ್ಲ."

"ನನಗೂ ಪೂರಾ ತಿಳದಿಲ್ರಿ."

ಎರಡು ದಿನ ಬಿಟ್ಟು ರಾಮಲಿಂಗಪ್ಪ ಬಂದ. ಈ ಸಲ ಕೈಯಲ್ಲಿ ಡಬ್ಬಿ ಇರಲಿಲ್ಲ. ಹಿಂದೆ ರತ್ನವ್ವ ಇದ್ದಳು. ಅವಳು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಒಳಗೆ ಬಂದವಳು ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು.

"ತಂಗಿ, ನಾ ನಿನಗೇನು ಕೆಟ್ಟದ್ದು ಮಾಡೇನಿ?" ರಾಮಲಿಂಗಪ್ಪ ಕುರ್ಚಿ ಎಳೆದುಕೊಂಡ. "ನನ್ನ ಹೆಸರು ಬಾಳಮ್ಮನ ಬಾಜೂಕ! ಗುಡೂರಿಂದ ಕೂಲಿಗೆ ಬಂದಾಕಿ ಅಕಿ. ಗುಳೇದಗುಡ್ಡದ ವ್ಯಾಪಾರಿ ಒಬ್ಬಾವ ಫೋನ್ ಮಾಡಿ ನಗ್ತಾನ. ಏನ್ ಸಾವಕಾರ್ರ, ಕಂಡಿಕಿ ಸುತ್ತಾಕ ಹತ್ತೀರೇನು ಅಂತ."

"ಎಲ್ಲಾರೂ ಒಂದ ಸಾಲಿನಾಗ ಅದೀರಲ್ರಿ."

"ಸಾಲಿನಾಗ ನಿಲ್ಲಾಕ ನಾ ಸೀಮಿಎಣ್ಣಿಗೆ ಬಂದೇನೇನು?" ಅವನು ದನಿ ತಗ್ಗಿಸಿದ. "ಕೇಳಿಲ್ಲಿ. ನಾ ಕಟುಕ ಅಲ್ಲ. ನಿನಗ ಏನು ಬೇಕಾಗಿತ್ತು? ಅವ್ವನ ಹೆಸರು. ಹಾಕು. ಸೀರಿ ಕೆಳಗ ದೊಡ್ಡದಾಗಿ ಹಾಕು. ನಾನ ಹೇಳ್ತೇನಿ, ಹಾಕು. ಮುಂದಿನ ಪ್ರದರ್ಶನದಾಗೂ ಚೀಟಿ ಮ್ಯಾಲ ನನ್ನ ಹೆಸರು, ಕೆಳಗ ರತ್ನವ್ವನ ಹೆಸರು. ಎರಡ ಹೆಸರು. ಉಳದದ್ದು ತಗದಬಿಡು. ಇಂದು ಹೆಸರು ಹಾಕಿದ್ರ ನಾಳಿ ಆ ಹೆಂಗಸ್ರು ಬಂದು ಅಂಗಡಿ ಮುಂದ ಕೂಡ್ತಾರ. ಕೊಂಡಿಗೆ ನಾ ಬ್ಯಾರೆ ಹುಡಿಗೀನ್ನ ಕಳಸ್ತೇನಿ, ಸೀರಿ ಮುಗಸ್ರಿ."

ದುಂಡೇಶ ಗೋಡೆ ನೋಡುತ್ತ ಹೇಳಿದ: "ಪುಟ ಮಾಡಿಟ್ಟೇನಿ ಚೇತನಾ. ಸಾವಕಾರ್ರು ಹೇಳಿದ್ರು ಅಂತ. ನೀ ನಿನ್ನ ಪಾಸ್‌ವರ್ಡ್ ಹಾಕಿ ಒತ್ತಿದ್ರ ಆತು."

ಪರದೆಯ ಮೇಲೆ ಸೀರೆ ಇತ್ತು. ಕೆಳಗೆ ಎರಡೇ ಹೆಸರು. ನೋಡಲು ಚೆಂದವಾಗಿತ್ತು, ಸ್ವಚ್ಛವಾಗಿತ್ತು. ಯಾರೂ ದಾರಿ ತಪ್ಪುವಂತಿರಲಿಲ್ಲ. ಬಾಗಲಕೋಟೆಯ ಆ ಸಂಜೆಯಿಂದ ಅವಳು ಬಯಸಿದ್ದು ಇದನ್ನೇ ಅಲ್ಲವೇ? ಸಾವಕಾರನೇ ತನ್ನ ಬಾಯಿಂದ ಕೊಡುತ್ತಿದ್ದಾನೆ. ಒತ್ತಿದರೆ ತಾಯಿಗೆ ಹೆಸರೂ ಸಿಗುತ್ತದೆ, ನೂಲೂ ಸಿಗುತ್ತದೆ. ಒತ್ತದಿದ್ದರೆ? ಹುಸೇನಬಿ ಮನೆಗೇ ಬರುವುದನ್ನು ಬಿಟ್ಟಿದ್ದಾಳೆ. ತಾಯಿಯೇ ಎರಡೂ ಒಂದಲ್ಲ ಎಂದಿದ್ದಾಳೆ. ನಾನು ಯಾರ ಪರವಾಗಿ ಹಟ ಹಿಡಿದಿದ್ದೇನೆ? ಚೇತನಾಳ ಕೈ ಕೀಲಿಮಣೆಯ ಮೇಲೆ ಬಂತು. ಪಾಸ್‌ವರ್ಡಿನ ಮೊದಲ ಅಕ್ಷರ ಒತ್ತಿದಳು. ಎರಡನೆಯದು ಯಾವುದು ಎಂಬುದೇ ಮರೆತುಹೋಯಿತು.

"ಅದರಾಗ ಇಷ್ಟು ಏನು ವಿಚಾರ ಮಾಡ್ತೀ?" ರಾಮಲಿಂಗಪ್ಪ ರತ್ನವ್ವನ ಕಡೆ ತಿರುಗಿದ. "ರತ್ನವ್ವ, ನೀ ಹೇಳು ನಿನ್ನ ಮಗಳಿಗೆ. ನಿನ್ನ ಮಾತು ಕೇಳ್ತಾಳ. ಒತ್ತು ಅನ್ನು."

ರತ್ನವ್ವ ಚಪ್ಪಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪರದೆಯ ಹತ್ತಿರ ಬಂದಳು. ಬೆರಳಿಟ್ಟು ಓದಿದಳು. "ರಾ, ಮ, ಲಿಂ, ಗ... ಇದು ನಿಮ್ದು. ರ, ತ್ನ... ಇದು ನಂದು." ಬೆರಳು ಮುಂದಕ್ಕೆ ಸರಿಯಿತು. ಅಲ್ಲಿ ಬಿಳಿ ಜಾಗವಿತ್ತು. "ಇಲ್ಲಿದ್ದದ್ದು ಎಲ್ಲಿ ಹೋತು?"

"ಅದು ಬ್ಯಾಡಂತನ ಹೇಳಾಕ ಹತ್ತೇನಿ."

"ಹುಸೇನಬಿದು ತಗದೀರಿ?"

"ಅಕಿ ಜೋಡಿ ನೀನ ಜಗಳಾಡೀದಿ ಅಂತಲ್ಲ. ಇಡೀ ಓಣಿ ಕೇಳೈತಿ. ಈಗೇನು ಹೊಸಾ ಪ್ರೀತಿ?"

"ಪ್ರೀತಿ ಎಲ್ಲೀದ್ರಿ. ಬಾಯಿ ಭಾಳ ಐತಿ ಅಕೀದು." ರತ್ನವ್ವ ಪರದೆಯಿಂದ ಬೆರಳು ತೆಗೆಯಲಿಲ್ಲ. "ಆದ್ರ ಅಕಿ ಜೋಡಿ ಜಗಳಾಡೂದು ನಂದು. ನಡುವ ನೀವ್ಯಾರು?"

"ರತ್ನವ್ವ, ನೂಲಿನ ವಿಚಾರ ಮಾಡಿ ಮಾತಾಡು."

"ಮಾಡೇನ್ರಿ."

"ಹಂಗಾರ ಹೇಳು ಹುಡಿಗಿಗೆ. ಒತ್ತು ಅಂತ ಒಂದ ಮಾತು."

ಚೇತನಾ ತಾಯಿಯ ಮುಖ ನೋಡಿದಳು. ಅಲ್ಲಿಯೂ ಏನೂ ಬಗೆಹರಿದಂತೆ ಕಾಣಲಿಲ್ಲ. ಸಿಟ್ಟಿತ್ತು, ಅಂಜಿಕೆ ಇತ್ತು, ಮನೆಯಲ್ಲಿ ನಿಂತ ಮಗ್ಗವೂ ಇತ್ತು.

"ಹೇಳಂಗಿಲ್ರಿ" ಎಂದಳು ರತ್ನವ್ವ.